ಕತೆ ಹೇಳಿ, ನಡುವೆ ಒಂದು ಜಾಗ ಖಾಲಿ ಬಿಡಿ

ಮೂರರಿಂದ ಆರು ವರ್ಷದ ಮಕ್ಕಳಿಗೆ ದಿನಕ್ಕೊಂದು ಹೊಸ ಕತೆ ಬೇಕಿಲ್ಲ. ವಾರಕ್ಕೊಂದು ಸಾಕು, ಅದನ್ನೇ ಐದು ದಿನ ಹೇಳಬೇಕು. ಮುಂದೇನಾಗುತ್ತದೆ ಅಂತ ಗೊತ್ತಾದ ಮೇಲೇ ಮಗುವಿಗೆ ಅದನ್ನು ಬದಲಾಯಿಸುವ ಧೈರ್ಯ ಬರುವುದು. ಮನೆಯಲ್ಲಿ ಅಜ್ಜಿ ಹೇಳಿದರೂ ಅಂಗನವಾಡಿಯಲ್ಲಿ ಟೀಚರ್ ಹೇಳಿದರೂ ಕ್ರಮ ಇದೇ. ಮೂರು ವರ್ಷದವರಿಗೆ ಒಂದು ಸಲಕ್ಕೆ 5–7 ನಿಮಿಷ ಸಾಕು, ಐದಾರು ವರ್ಷದವರಿಗೂ 15 ನಿಮಿಷ ದಾಟಬೇಡಿ.

ಕತೆಯಲ್ಲಿ ಮೂರು ನಾಲ್ಕು ಪಾತ್ರ, ಒಂದು ತಾಪತ್ರಯ, ಮತ್ತೆ ಮತ್ತೆ ಬರುವ ಒಂದು ಸಾಲು ಇದ್ದರಾಯಿತು. ಮಲೆನಾಡಿನ ಜಡಿಮಳೆಯನ್ನೇ ತೆಗೆದುಕೊಳ್ಳಿ. ನೆನೆದೂ ನೆನೆದೂ ಬೇಜಾರಾದ ಒಂದು ಕಪ್ಪೆ ಕೊಡೆ ಹುಡುಕಿಕೊಂಡು ಹೊರಡುತ್ತದೆ. ಮೊದಲು ಎಮ್ಮೆ ಸಿಗುತ್ತದೆ, ಆಮೇಲೆ ಕೋಳಿ, ಕೊನೆಗೆ ಕಾಫಿ ತೋಟದ ಅಜ್ಜಿ. ಯಾರ ಮುಂದೆ ಹೋದರೂ ಅದರದು ಒಂದೇ ಮಾತು: “ಕೊಡೆ, ಕೊಡೆ, ನಂಗೂ ಕೊಡೆ!” ನಾಲ್ಕು ಪದ, ನಾಲ್ಕು ಚಪ್ಪಾಳೆ.

ಆನೆ ಕತೆ ಮಕ್ಕಳಿಗೆಲ್ಲ ಇಷ್ಟ, ನಿಜ. ಆದರೆ ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ತೋಟಕ್ಕೇ ಬರುತ್ತದೆ, ಸಂಜೆಯಾದರೆ ದೊಡ್ಡವರೇ ಹೆದರುತ್ತಾರೆ. ಅಲ್ಲಿ ಆನೆ ಅಟ್ಟಿಸಿಕೊಂಡು ಬರುವ ಕತೆ ಬೇಡ.

ಕಪ್ಪೆಯ ಆ ಸಾಲಿಗೆ ಸ, ರಿ, ಗ ಮೂರೇ ಸ್ವರದಲ್ಲಿ ಒಂದು ಧಾಟಿ ಕಟ್ಟಿ. ಐದು ವರ್ಷದವರಿಗೆ ಪಂಚಮದವರೆಗೆ, ಅಂದರೆ ‘ಪ’ವರೆಗೆ, ಹೋಗಬಹುದು. ಗಂಡಸರು ತಮ್ಮ ಶ್ರುತಿಯಲ್ಲೇ ಹಾಡಿದರೆ ಅಷ್ಟು ಕೆಳಗೆ ಮಕ್ಕಳ ದನಿ ಇಳಿಯುವುದಿಲ್ಲ, ಹಾಡು ಹೋಗಿ ಕೂಗಾಟವಾಗುತ್ತದೆ. ಒಂದು ಮಗುವಿಗೆ ಮೊದಲು ಹಾಡಲು ಹೇಳಿ, ಅದು ಎತ್ತಿಕೊಂಡ ಶ್ರುತಿಗೆ ನೀವು ಸೇರಿಕೊಳ್ಳಿ. ಮೊಬೈಲಿನ ಟ್ರ್ಯಾಕ್ ಹಾಕಬೇಡಿ, ಅದು ಯಾವ ಮಗುವಿಗೂ ಕಾಯುವುದಿಲ್ಲ.

ಸೋಮವಾರ ಪೂರ್ತಿ ಕತೆ ಹೇಳಿ, ಮಕ್ಕಳು ಕೇಳಿದರೆ ಸಾಕು. ಮಂಗಳವಾರ ಕಪ್ಪೆಯ ಸಾಲು ಅವರದು. ಬುಧವಾರ ಸದ್ದು ಸೇರಿಸಿ: ಎಮ್ಮೆಗೆ ನಿಧಾನದ ನಾಲ್ಕು ಹೆಜ್ಜೆ, ಅಷ್ಟೇ ಹೊತ್ತಿನಲ್ಲಿ ಕೋಳಿಗೆ ಎಂಟು. ಸಂಗೀತದಲ್ಲಿ ಒಂದನೇ ಕಾಲ, ಅದರ ಎರಡು ಪಟ್ಟು ವೇಗದ ಎರಡನೇ ಕಾಲ ಅಂದರೇನು ಅಂತ ಹೆಸರು ಹೇಳದೆಯೇ ಕಾಲಿಗೆ ಗೊತ್ತಾಗುತ್ತದೆ.

ಗುರುವಾರದ್ದೇ ಮುಖ್ಯ ಕೆಲಸ. ಕಪ್ಪೆ ಅಜ್ಜಿಯ ಬಾಗಿಲು ತಟ್ಟಿತು, ಒಳಗಿಂದ ಬಂದವರು… ಅಂತ ಹೇಳಿ ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನಾಲ್ಕಕ್ಕೇ ನಿಮಗೆ ತಡೆಯಲಾಗದೆ ಉತ್ತರ ಹೇಳಿಬಿಡುವ ಹಾಗಾಗುತ್ತದೆ, ಎಲ್ಲರಿಗೂ ಆಗುತ್ತದೆ. ತಡೆದುಕೊಳ್ಳಿ. ಗುಂಪಿನಲ್ಲಾದರೆ ಇನ್ನೊಂದು ತೊಡಕು: ಮೊದಲನೆಯ ಮಗು “ಹುಲಿ” ಅಂದರೆ ಮಿಕ್ಕ ಮಕ್ಕಳೂ “ಹುಲಿ” ಅನ್ನುತ್ತವೆ. ಅದಕ್ಕೆ ಒಬ್ಬೊಬ್ಬರೂ ಬಂದು ನಿಮ್ಮ ಕಿವಿಯಲ್ಲಿ ಹೇಳಲಿ, ಕಡಿಮೆ ಮಾತಾಡುವ ಮಗುವಿನಿಂದ ಶುರು ಮಾಡಿ. ಯಾರೋ “ಕಪ್ಪೆಗೆ ರೆಕ್ಕೆ ಬಂತು” ಅಂದರೆ “ಕಪ್ಪೆಗೆಲ್ಲಿ ರೆಕ್ಕೆ ಪುಟ್ಟಾ” ಅಂತ ತಿದ್ದಬೇಡಿ. “ಹೌದಾ? ಹಾರುವಾಗ ಎಂಥ ಸದ್ದು ಬಂತು?” ಅಂತ ಕೇಳಿ. ಕತೆ ಮುಗಿದ ಮೇಲೆ “ಇದರ ನೀತಿ ಏನು?” ಅನ್ನುವ ಪ್ರಶ್ನೆಯನ್ನಂತೂ ಬಿಟ್ಟೇಬಿಡಿ. ಅದನ್ನು ಕೇಳಿದ ಕೂಡಲೇ ಮಕ್ಕಳು ನಿಮಗೆ ಬೇಕಾದ ಉತ್ತರ ಹುಡುಕಲು ಶುರು ಮಾಡುತ್ತಾರೆ.

ಶುಕ್ರವಾರ ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ. “ಕೊಡೆ ಓಡೋಯ್ತು” ಅಂದರೆ ಹಾಗೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಲು ಹೋಗಬೇಡಿ. ಹೆಸರು, ತಾರೀಖು ಹಾಕಿಟ್ಟು ಮುಂದಿನ ವಾರ ಓದಿ ಹೇಳಿ.

ಸದ್ದು ಮಾಡುವ ಸಾಮಾನಿಗೆ ದುಡ್ಡು ಹಾಕಬೇಕಿಲ್ಲ. 200 ಮಿಲಿಯ ಪ್ಲಾಸ್ಟಿಕ್ ಬಾಟಲಿ ತೊಳೆದು ಎರಡು ದಿನ ಒಣಗಿಸಿ. ಒಂದಕ್ಕೆ ಎರಡು ಚಮಚ ರಾಗಿ, ಇನ್ನೊಂದಕ್ಕೆ ಅಷ್ಟೇ ಹುರುಳಿ, ಮತ್ತೊಂದಕ್ಕೆ ಹದಿನೈದಿಪ್ಪತ್ತು ಹಸಿ ಕಾಫಿ ಬೀಜ. ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಕಾಳಿಗೆ ಆಡಲು ಜಾಗವಿಲ್ಲದೆ ಸದ್ದು ಸಾಯುತ್ತದೆ. ಹುರಿದ ಕಾಫಿ ಬೀಜ ಹಾಕಬೇಡಿ, ಅಲ್ಲಾಡಿಸಿದಂತೆ ಒಡೆದು ಪುಡಿಯಾಗುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಕಾಳು ಬೂಸ್ಟು ಹಿಡಿಯುತ್ತದೆ, ಆದ್ದರಿಂದ ರಾಗಿ, ಹುರುಳಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರುತ್ತದೆ. ಮುಚ್ಚಳ ತಿರುಗಿಸಿ ಅದರ ಮೇಲೆ ಮೂರು ಸುತ್ತು ಟೇಪ್ ಹಾಕಿ, ದೊಡ್ಡವರೇ ಎಳೆದು ನೋಡಬೇಕು. ಕಾಳು ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ, ಹಾಗಾಗಿ ಮೂರು ತುಂಬದ ಮಗುವಿನ ಕೈಗೆ ಇದನ್ನು ಕೊಡಬೇಡಿ. ಅವಕ್ಕೆ ಎರಡು ತೆಂಗಿನ ಕರಟ ಸಾಕು. ನಾರು ಕೆರೆದು, ಅಂಚನ್ನು ಒರಟು ಕಲ್ಲಿಗೆ ಉಜ್ಜಿ, ಬೆರಳಾಡಿಸಿದರೆ ಚುಚ್ಚದ ಹಾಗೆ ನುಣುಪು ಮಾಡಿ.

ಹನ್ನೆರಡು ಮಕ್ಕಳಿದ್ದರೆ ನಾಲ್ಕೇ ಸಾಮಾನು ಹೊರಗೆ ತೆಗೆಯಿರಿ, ಉಳಿದವರು ಚಪ್ಪಾಳೆ. ಎಲ್ಲರ ಕೈಯಲ್ಲೂ ಒಂದೊಂದಿದ್ದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಿಲ್ಲಿಸಲು ಕೂಗಬೇಡಿ, ಎದೆಯ ಮೇಲೆ ಕೈ ಇಟ್ಟರೆ ಸದ್ದು ನಿಲ್ಲಬೇಕು ಅಂತ ಮೊದಲೇ ಆಡಿಸಿಟ್ಟುಕೊಳ್ಳಿ.

ಶೀಟಿನ ಮೇಲೆ ಮಳೆ ಬಡಿಯುವಾಗ ಕತೆ ಕೇಳಿಸುವುದಿಲ್ಲ. ಆ ಹೊತ್ತು ಮಳೆಯ ಸದ್ದನ್ನೇ ಆಡಿಸಿ: ಅಂಗೈ ಮೇಲೆ ಒಂದು ಬೆರಳು, ಆಮೇಲೆ ಎರಡು, ನಾಲ್ಕು, ನಂತರ ತೊಡೆ ತಟ್ಟುವುದು, ಕೊನೆಗೆ ನೆಲಕ್ಕೆ ಕಾಲು. ಅದೇ ದಾರಿಯಲ್ಲಿ ವಾಪಸ್ ಬಂದು ಒಂದು ಬೆರಳಿಗೆ ನಿಲ್ಲಿಸಿ.

ಹೊರಗೆ ಕರೆದುಕೊಂಡು ಹೋಗುವುದಾದರೆ ಈ ವಯಸ್ಸಿಗೆ ಬೇಲೂರಿಗಿಂತ ಹಳೇಬೀಡು ವಾಸಿ. ಬೇಲೂರಿನ ಮದನಿಕೆಯರು ಸೂರಿನಡಿ ಮೇಲೆಲ್ಲೋ ಇದ್ದಾರೆ, ಮಕ್ಕಳಿಗೆ ಕತ್ತು ನೋವು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಆನೆ ಸಾಲು ತೀರ ಕೆಳಗೇ ಇದೆ, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆ, ಆಮೇಲೆ ರಾಮಾಯಣ, ಮಹಾಭಾರತದ ಕತೆ. ಆನೆ ಸಾಲಿನ ಪಕ್ಕ ಎಮ್ಮೆಯ ಹೆಜ್ಜೆ, ಕುದುರೆ ಸಾಲಿಗೆ ಕೋಳಿಯ ಹೆಜ್ಜೆ ಹಾಕಿಸಿ. ಯಾವುದಾದರೂ ಒಂದೇ ಆನೆಯನ್ನು ಆರಿಸಿಕೊಂಡು ಅದು ಎಲ್ಲಿಗೆ ಹೊರಟಿದೆ ಅಂತ ಕೇಳಿ. ಬೆಳಿಗ್ಗೆ ಹತ್ತರೊಳಗೆ ಹೋಗಿ. ಚಪ್ಪಲಿ ಬಿಟ್ಟು ನಡೆಯಬೇಕು, ಬಿಸಿಲೇರಿದರೆ ಕಲ್ಲು ಕಾಯುತ್ತದೆ, ಮಕ್ಕಳಿಗೊಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ. ಒಂದು ಗೋಡೆ, ಇಪ್ಪತ್ತು ನಿಮಿಷ, ಅಷ್ಟಾದ ಮೇಲೆ ಹುಲ್ಲಿನ ಮೇಲೆ ಕೂತು ತಿಂಡಿ ತಿನ್ನಿಸಿ.