ಪಿಎಸ್‌ಎ (ಪ್ರಾಸ್ಟೇಟ್‌ಗೆ ಮಾಡೋ ರಕ್ತ ಪರೀಕ್ಷೆ) ಜಾಸ್ತಿ ಬಂತಾ? ಪ್ರಾಸ್ಟೇಟ್ ಅಲ್ಟ್ರಾಸೌಂಡ್ ಮಾಡಿಸೋ ಮುಂಚೆ ಇದನ್ನ ಓದಿ

ಹೊಟ್ಟೆ ಮೇಲೆ ಜೆಲ್ ಹಚ್ಚಿ ಮಾಡೋ ಸ್ಕ್ಯಾನಲ್ಲಿ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ ಗ್ರಂಥಿ) ನಾರ್ಮಲ್ ಅಂತ ಬಂದ್ರೆ ಕ್ಯಾನ್ಸರ್ ಇಲ್ಲ ಅಂತ ದಯವಿಟ್ಟು ನಿರಾಳ ಆಗ್ಬೇಡಿ, ಅದು ಮುಖ್ಯವಾಗಿ ಗ್ರಂಥಿ ಎಷ್ಟು ದೊಡ್ಡದಿದೆ, ಮೂತ್ರ ಹೋದ್ಮೇಲೂ ಒಳಗೆ ಎಷ್ಟು ಉಳಿಯುತ್ತೆ ಅಂತ ನೋಡೋಕೆ. ಆದ್ರೆ ಆ ಸೈಜ್ ಮಾತ್ರ ಬರೆದಿಟ್ಕೊಳ್ಳಿ. ಪಿಎಸ್‌ಎಯನ್ನ ಗ್ರಂಥಿ ಸೈಜಿಂದ ಭಾಗಿಸಿದ್ರೆ ಬರೋದೇ ಪಿಎಸ್‌ಎ ಡೆನ್ಸಿಟಿ: ಪಿಎಸ್‌ಎ 6 ಇದ್ದು ಗ್ರಂಥಿ 60 ಎಂಎಲ್ ಇದ್ರೆ 0.1, ಅದೇ 6ಕ್ಕೆ ಗ್ರಂಥಿ 30 ಎಂಎಲ್ ಇದ್ರೆ 0.2. ಸಾಮಾನ್ಯವಾಗಿ 0.15 ದಾಟಿದ್ರೆ ಅನುಮಾನ ಜಾಸ್ತಿ.

ಕ್ಯಾನ್ಸರ್ ಹುಡುಕೋಕೆ ಗುದದ್ವಾರದ ಮೂಲಕ ಬೆರಳಿನಷ್ಟು ದಪ್ಪದ ಅಲ್ಟ್ರಾಸೌಂಡ್ ಪ್ರೋಬ್ ಹಾಕ್ತಾರೆ. ಮುಜುಗರ ಆಗುತ್ತೆ, ನಿಜ, ಆದ್ರೆ ಅದಕ್ಕೆ ಹೆದರಿ ಮುಂದೂಡ್ಬೇಡಿ. ಮಾಮೂಲಿ ಪ್ರೋಬಲ್ಲಿ ಎಷ್ಟೋ ಗಡ್ಡೆ ಕಾಣೋದೇ ಇಲ್ಲ, ಅದಕ್ಕೇ ಎಂಆರ್‌ಐ ಚಿತ್ರವನ್ನ ಲೈವ್ ಅಲ್ಟ್ರಾಸೌಂಡ್ ಮೇಲೆ ಕೂರಿಸಿ ಸೂಜಿ ಹಾಕೋ ಫ್ಯೂಷನ್ ಬಯಾಪ್ಸಿ (ಪರೀಕ್ಷೆಗೆ ಚೂರು ಮಾಂಸ ತೆಗೆಯೋದು) ಬಂದಿದ್ದು. ಮೈಕ್ರೋ ಅಲ್ಟ್ರಾಸೌಂಡ್ ಅಂತ ಇನ್ನೊಂದಿದೆ, 29 ಮೆಗಾಹರ್ಟ್ಜ್, ತುಂಬಾ ಸೂಕ್ಷ್ಮವಾಗಿ ತೋರಿಸುತ್ತೆ, ಅನುಮಾನಕ್ಕೆ 1ರಿಂದ 5ರವರೆಗೆ ಸ್ಕೋರ್ ಕೊಡ್ತಾರೆ. 2025ರಲ್ಲಿ ಬಂದ ಆಪ್ಟಿಮಮ್ ಅನ್ನೋ ಸಂಶೋಧನಾ ಪ್ರಯೋಗದಲ್ಲಿ ಇದರ ಸಹಾಯದಿಂದ ಮಾಡಿದ ಬಯಾಪ್ಸಿ ಎಂಆರ್‌ಐ ಫ್ಯೂಷನ್‌ಗಿಂತ ಹಿಂದೆ ಬೀಳಲಿಲ್ಲ. ಆದ್ರೆ ಅಷ್ಟು ಹೈ ಫ್ರೀಕ್ವೆನ್ಸಿ ಆಳಕ್ಕೆ ಹೋಗಲ್ಲ, ಗ್ರಂಥಿ ದೊಡ್ಡದಿದ್ರೆ ಮುಂಭಾಗದ ಗಡ್ಡೆ ತಪ್ಪಿಹೋಗಬಹುದು, ಹಾಗಾಗಿ ಎಂಆರ್‌ಐ ಮಾಡಿಸೋಕೆ ಸಾಧ್ಯ ಇದ್ರೆ ಬಿಡ್ಬೇಡಿ ಅನ್ನೋದು ನನ್ನ ಅಭಿಪ್ರಾಯ.

ಡಾಕ್ಟ್ರನ್ನ ಕೇಳಲೇಬೇಕಾದ್ದು, ಸೂಜಿ ಎಲ್ಲಿಂದ ಹಾಕ್ತೀರಾ ಅಂತ. ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದಿಂದ ಹಾಕಿದ್ರೆ ಸೂಜಿ ಮಲ ಇರೋ ಜಾಗ ದಾಟಬೇಕಾಗಿಲ್ಲ, ಇನ್ಫೆಕ್ಷನ್ ಭಯ ಕಡಿಮೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಮೊದ್ಲೇ ಹೇಳಿ, ನೀವಾಗೇ ನಿಲ್ಲಿಸ್ಬೇಡಿ. ಬಯಾಪ್ಸಿ ಆದ್ಮೇಲೆ ಮೂತ್ರದಲ್ಲಿ ಕೆಲವು ದಿನ, ವೀರ್ಯದಲ್ಲಿ ಕೆಲವು ವಾರ ರಕ್ತ ಕಾಣೋದು ಮಾಮೂಲು, ಆದ್ರೆ ಚಳಿಜ್ವರ ಬಂದ್ರೆ ಅಥವಾ ಮೂತ್ರ ಕಟ್ಟಿದ್ರೆ ರಾತ್ರಿಯಾದ್ರೂ ಸರಿ ಆಸ್ಪತ್ರೆಗೆ ಹೋಗಿ.

ಟ್ರೀಟ್‌ಮೆಂಟಲ್ಲೂ ಇದೇ ಪ್ರೋಬ್ ಕಣ್ಣಿನ ಥರ ಕೆಲಸ ಮಾಡುತ್ತೆ: ಬ್ರಾಕಿಥೆರಪಿಲಿ (ಗ್ರಂಥಿಯ ಒಳಗಿಂದಲೇ ಕೊಡೋ ರೇಡಿಯೇಷನ್) ರೇಡಿಯೋ ಆಕ್ಟಿವ್ ಕಾಳುಗಳನ್ನ ಸರಿಯಾದ ಜಾಗದಲ್ಲಿ ಕೂರಿಸೋಕೆ ಅದೇ ದಾರಿ ತೋರಿಸೋದು. ಹೈಫು ಅನ್ನೋದ್ರಲ್ಲಂತೂ ಅಲ್ಟ್ರಾಸೌಂಡ್ ಅಲೆಗಳನ್ನೇ ಒಂದು ಬಿಂದುವಿಗೆ ಸೇರಿಸಿ ಗಡ್ಡೆ ಸುಡ್ತಾರೆ. ಗಡ್ಡೆ ಇರೋ ಭಾಗ ಮಾತ್ರ ಸುಟ್ಟಿದ್ರೆ ಉಳಿದ ಗ್ರಂಥಿ ಹಾಗೇ ಇರುತ್ತೆ, ಅದಕ್ಕೇ ಆಮೇಲೂ ಪಿಎಸ್‌ಎ, ಎಂಆರ್‌ಐ, ಮತ್ತೆ ಬಯಾಪ್ಸಿ ಯಾವಾಗ ಅಂತ ಒಪ್ಪಿಗೆ ಕೊಡೋ ಮುಂಚೆನೇ ಬರೆಸ್ಕೊಳ್ಳಿ.