ಪೋಸ್ಟ್‌ಗ್ರೆಸ್ ಕಂಟೇನರ್ ಖಾಲಿ ಕಂಡಾಗ ಡೇಟಾ ಹುಡುಕಿದ ಬಗೆ

ಗೆಳೆಯರೊಬ್ಬರ ಅಂಗಡಿಯ ಸ್ಟಾಕ್ ಲೆಕ್ಕವೆಲ್ಲ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಓಡುವ ಪೋಸ್ಟ್‌ಗ್ರೆಸ್ 16 ಎಂಬ ಡೇಟಾಬೇಸ್‌ನಲ್ಲಿತ್ತು. ಸರ್ವರ್ ಎಷ್ಟು ಸಲ ರೀಸ್ಟಾರ್ಟ್ ಆದರೂ ಏನೂ ಆಗಿರಲಿಲ್ಲ. ಒಂದು ದಿನ ಅವರ ಕಡೆಯವರು ಕಂಟೇನರ್ ತೆಗೆದುಹಾಕುವ ‘ಕಂಪೋಸ್ ಡೌನ್’ ಕಮಾಂಡ್ ಕೊಟ್ಟು, ಹೊಸದಾಗಿ ಎಬ್ಬಿಸುವ ‘ಅಪ್’ ಮಾಡಿದರು. ಡೇಟಾಬೇಸ್ ಎದ್ದಿತು, ಒಳಗೆ ಒಂದು ಟೇಬಲ್ಲೂ ಇಲ್ಲ!

ಲಾಗ್‌ನಲ್ಲಿ ಎರರ್ ಇರಲಿಲ್ಲ. ಆದರೆ ಹೊಸ ಕ್ಲಸ್ಟರ್ (ಪೋಸ್ಟ್‌ಗ್ರೆಸ್‌ನ ಡೇಟಾ ಫೈಲುಗಳ ಇಡೀ ಗುಂಪು) ಸೃಷ್ಟಿಸಿದ ಸಾಲುಗಳಿದ್ದವು. ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ ಅವು ಬರುತ್ತವೆ. ಅಂದರೆ ಡೇಟಾ ಅಳಿಸಿದೆ ಅನ್ನುವುದಕ್ಕಿಂತ, ಪೋಸ್ಟ್‌ಗ್ರೆಸ್ ಬೇರೆ ಜಾಗ ನೋಡುತ್ತಿದೆ ಅನ್ನುವ ಅನುಮಾನ ಜಾಸ್ತಿ. ಮೊದಲು ಕಂಟೇನರ್ ನಿಲ್ಲಿಸಿದೆ. ಯಾರೂ ‘ವಾಲ್ಯೂಮ್ ಪ್ರೂನ್’ ಕೊಡಬೇಡಿ ಅಂದೆ. ವಾಲ್ಯೂಮ್ ಅಂದರೆ ಕಂಟೇನರ್‌ನ ಹೊರಗೆ ಡಾಕರ್ ಡೇಟಾ ಇಡುವ ಜಾಗ. ಡಾಕರ್ 23ರಿಂದ ಈಚೆಗೆ ಆ ಕಮಾಂಡ್ ತಾನಾಗಿ ಅಳಿಸುವುದು, ಬಳಕೆಯಲ್ಲಿಲ್ಲದ ಹೆಸರಿಲ್ಲದ ವಾಲ್ಯೂಮ್‌ಗಳನ್ನೇ. ನಮಗೆ ಬೇಕಾದದ್ದು ಅಲ್ಲೇ ಇರಬಹುದಲ್ವಾ?

ಆಮೇಲೆ ‘ಡಾಕರ್ ಇನ್‌ಸ್ಪೆಕ್ಟ್’ನಲ್ಲಿ ಮೌಂಟ್‌ಗಳ ಭಾಗ, ಅಂದರೆ ಯಾವ ವಾಲ್ಯೂಮ್ ಯಾವ ಫೋಲ್ಡರ್‌ಗೆ ಸೇರಿದೆ ಅನ್ನುವುದನ್ನು ನೋಡಿದೆ. ಒಂದು ಇರಬೇಕಾದಲ್ಲಿ ಎರಡು ಮೌಂಟ್! ಕಂಪೋಸ್ ಫೈಲಿನಲ್ಲಿ (ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿಡುವ ಫೈಲ್) ಹೆಸರಿಟ್ಟ ವಾಲ್ಯೂಮನ್ನು ‘ಡೇಟಾ’ ಫೋಲ್ಡರ್‌ಗೆ ಬದಲು ಅದರ ಒಂದು ಹಂತ ಮೇಲಿನ ಫೋಲ್ಡರ್‌ಗೆ ಸೇರಿಸಿದ್ದರು. ಪೋಸ್ಟ್‌ಗ್ರೆಸ್ 17ರವರೆಗಿನ ಅಧಿಕೃತ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ‘ಡೇಟಾ’ ಫೋಲ್ಡರನ್ನೇ ವಾಲ್ಯೂಮ್ ಅಂತ ಘೋಷಿಸಿರುತ್ತದೆ. ಹಾಗಾಗಿ ಡಾಕರ್ ಅಲ್ಲಿಗೆ ಹೆಸರಿಲ್ಲದ ಇನ್ನೊಂದು ವಾಲ್ಯೂಮ್ ತಾನೇ ಕೂರಿಸಿತ್ತು. ಇಷ್ಟು ದಿನದ ಲೆಕ್ಕವೆಲ್ಲ ಬರೆದದ್ದು ಅದರಲ್ಲಿ. ರೀಸ್ಟಾರ್ಟ್‌ನಲ್ಲಿ ಅದೇ ಕಂಟೇನರ್, ಅದೇ ವಾಲ್ಯೂಮ್. ‘ಡೌನ್’ ಆದರೆ ಕಂಟೇನರ್ ಹೋಗುತ್ತದೆ, ವಾಲ್ಯೂಮ್ ಉಳಿಯುತ್ತದೆ, ಆದರೆ ಹೊಸ ಕಂಟೇನರ್ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ‘ಡೌನ್’ ಜೊತೆ ‘-ವಿ’ ಸೇರಿಸಿದ್ದರೆ ಅದೂ ಹೋಗಿರುತ್ತಿತ್ತು.

ವಾಲ್ಯೂಮ್ ಪಟ್ಟಿಯಲ್ಲಿ 64 ಅಕ್ಷರದ ಹೆಸರಿನವು ಹಲವಿದ್ದವು. ಹೆಸರು ನೋಡಿ ಏನೂ ಗೊತ್ತಾಗುವುದಿಲ್ಲ. ಪ್ರತಿಯೊಂದರ ಸೃಷ್ಟಿಯಾದ ದಿನ ನೋಡಿದೆ, ಗಾತ್ರ ಅಳೆದೆ. ಹೊಸ ಖಾಲಿ ಪೋಸ್ಟ್‌ಗ್ರೆಸ್ ಸುಮಾರು 40 ಎಂಬಿ ಇರುತ್ತದೆ. ಒಂದು ಮಾತ್ರ ಜಿಬಿ ಲೆಕ್ಕದಲ್ಲಿತ್ತು, ಅದರೊಳಗಿನ ವರ್ಶನ್ ಫೈಲ್ 16 ಅಂತಲೂ ಹೇಳಿತು. ಸಿಕ್ಕಿತು.

ಅದನ್ನು ನೇರವಾಗಿ ಬಳಸಲಿಲ್ಲ. ಹೊಸ ಹೆಸರಿನ ವಾಲ್ಯೂಮ್ ಮಾಡಿ, ‘ಸಿಪಿ -ಎ’ಯಿಂದ ಕಾಪಿ ಮಾಡಿದೆ. ಫೈಲುಗಳ ಮಾಲೀಕತ್ವ ಉಳಿಯಬೇಕು, ಅದಕ್ಕೇ ‘-ಎ’. ಪೋಸ್ಟ್‌ಗ್ರೆಸ್ ಇಮೇಜ್ ಡೆಬಿಯನ್, ಆಲ್ಪೈನ್ ಎಂಬ ಎರಡು ಲಿನಕ್ಸ್‌ಗಳ ಮೇಲೆ ಸಿಗುತ್ತದೆ. ಡೆಬಿಯನ್ ಇಮೇಜ್‌ನಲ್ಲಿ ಫೈಲುಗಳ ಮಾಲೀಕನಾದ ಪೋಸ್ಟ್‌ಗ್ರೆಸ್ ಬಳಕೆದಾರನ ನಂಬರ್ 999, ಆಲ್ಪೈನ್‌ನಲ್ಲಿ 70. ಇಮೇಜ್ ಚಿಕ್ಕದು ಅಂತ ಸುಮ್ನೆ ಆಲ್ಪೈನ್‌ಗೆ ಹಾರುವವರು ಇದನ್ನು ಮರೆಯುತ್ತಾರೆ. ಅಕ್ಷರಗಳ ವಿಂಗಡಣೆಯೂ ಅಲ್ಲಿ ಬೇರೆ, ಆ ಕ್ರಮದ ಮೇಲೆ ಕಟ್ಟಿದ ಹಳೆಯ ಇಂಡೆಕ್ಸ್‌ಗಳನ್ನು (ಬೇಗ ಹುಡುಕಲು ಇಡುವ ಸೂಚಿಗಳು) ನಂಬುವಂತಿಲ್ಲ. ಇನ್ನೊಂದು ಮಾತು: ಪರೀಕ್ಷೆಗೆ ಅಂತ ಎರಡು ಕಂಟೇನರ್‌ಗಳನ್ನು ಒಂದೇ ಡೇಟಾ ಫೋಲ್ಡರ್ ಮೇಲೆ ಓಡಿಸಲೇಬೇಡಿ. ಫೋಲ್ಡರ್ ಬಳಕೆಯಲ್ಲಿದೆಯೇ ಅಂತ ತಿಳಿಯಲು ಪೋಸ್ಟ್‌ಗ್ರೆಸ್ ಲಾಕ್ ಫೈಲಿನಲ್ಲಿರುವ ಪ್ರೊಸೆಸ್ ನಂಬರ್ ನೋಡುತ್ತದೆ. ಕಂಟೇನರ್ ಒಳಗೆ ಇಬ್ಬರೂ ಸಾಮಾನ್ಯವಾಗಿ 1ನೇ ನಂಬರೇ, ಹಾಗಾಗಿ ಇನ್ನೊಬ್ಬ ಇರುವುದೇ ಗೊತ್ತಾಗುವುದಿಲ್ಲ!

ಮೌಂಟ್ ಸರಿಪಡಿಸಿ ಎಬ್ಬಿಸಿದರೆ ಟೇಬಲ್‌ಗಳೆಲ್ಲ ಬಂದವು, ಆದರೆ ಆ್ಯಪ್ ಪಾಸ್‌ವರ್ಡ್ ತಪ್ಪು ಅಂದಿತು. ಗಾಬರಿಯಲ್ಲಿ ಯಾರೋ ಕಂಪೋಸ್ ಫೈಲಿನ ಪಾಸ್‌ವರ್ಡ್ ಬದಲಿಸಿದ್ದರು. ಆ ಸಾಲು ಮೊದಲ ಸಲ ಫೋಲ್ಡರ್ ಖಾಲಿ ಇದ್ದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಂಟೇನರ್ ಒಳಗಿಂದಲೇ ‘ಆಲ್ಟರ್ ಯೂಸರ್’ ಕೊಟ್ಟು ಡೇಟಾಬೇಸ್‌ನ ಪಾಸ್‌ವರ್ಡನ್ನೂ ಬದಲಿಸಿದೆ, ಮುಗಿಯಿತು.

ಪೋಸ್ಟ್‌ಗ್ರೆಸ್ 18ಕ್ಕೆ ಹೋಗುವಾಗ ಇದೇ ಮೌಂಟ್ ವಿಷಯ ತಿರುಗುಮುರುಗಾಗುತ್ತದೆ. ಆ ಇಮೇಜ್‌ನಲ್ಲಿ ಮೌಂಟ್ ಮಾಡಬೇಕಾದದ್ದು ಮೇಲಿನ ಫೋಲ್ಡರನ್ನೇ, ಡೇಟಾ ಹೋಗುವುದು ವರ್ಶನ್ ಹೆಸರಿನ ಒಳಫೋಲ್ಡರ್‌ಗೆ. ಹಾಗಾಗಿ ಇವರನ್ನು ಸದ್ಯ 16ರಲ್ಲೇ ಬಿಟ್ಟಿದ್ದೇನೆ. ಹೊಸ ಡಂಪ್ (ಡೇಟಾಬೇಸಿನ ಬ್ಯಾಕಪ್) ಒಂದನ್ನು ಇನ್ನೊಂದು ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ನೋಡಿದ ಮೇಲೆ ಹಳೆಯ ವಾಲ್ಯೂಮನ್ನು ಅಳಿಸಿದೆವು.