ಬಿಸಿಲೂರಿನ ಸ್ಲ್ಯಾಬ್ ಮನೆ ತಂಪಾಗಬೇಕಾ? ಮೊದಲು ಮಾಳಿಗೆ ನೋಡಿ, ಕೂಲರ್ ಆಮೇಲೆ

ವಿಜಯಪುರ, ಬಾಗಲಕೋಟೆ ಕಡೆ ಮಾರ್ಚ್ ಬಂತಂದ್ರೆ ಸಾಕು, ಕೂಲರ್ ತರೋದಾ ಎಸಿ ಹಾಕ್ಸೋದಾ ಅನ್ನೋ ಮಾತು ಮನೆಮನೆಯಲ್ಲೂ ಶುರು. ಎರಡೂ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ದುಡ್ಡು ಬಿಚ್ಚೋ ಮೊದಲು ಒಂದು ಸಲ ಮಾಳಿಗೆ ಹತ್ತಿ ಬನ್ನಿ. ಒಳಗಿನ ಧಗೆಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಇಳಿಯುತ್ತಿದೆ.

ನಮ್ಮ ಊರುಗಳಲ್ಲಿ ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೂ ಆಗ ನೆರಳಿರೋದಿಲ್ಲ. ಗೋಡೆಗೆ ತಾಗೋ ಬಿಸಿಲು ಕಡಿಮೆ, ಸ್ಲ್ಯಾಬಿಗೆ ಬೀಳೋದು ಪೂರ್ತಿ. ಐದು ಇಂಚಿನ ಕಾಂಕ್ರೀಟು ನಿಧಾನಕ್ಕೆ ಕಾಯುತ್ತದೆ, ಆ ಕಾವು ಕೆಳಗಿಳಿಯೋಕೆ ಮೂರು ನಾಲ್ಕು ತಾಸು ಬೇಕು. ಅದಕ್ಕೇ ಹೊರಗೆ ಬಿಸಿಲು ಇಳಿದು ಜನ ಕಟ್ಟೆ ಮೇಲೆ ಕೂತಿರೋ ಹೊತ್ತಿಗೆ ಒಳಗಿನ ಕೋಣೆ ಕುದಿಯುತ್ತಿರುತ್ತದೆ, ಒಲೆ ಆರಿಸಿದ ಮೇಲೂ ಸುಡುವ ರೊಟ್ಟಿ ಹಂಚಿನ ಹಾಗೆ. ನೀವು ಫ್ಯಾನ್ ಜೋರು ಮಾಡಿದರೆ ಅದು ಸ್ಲ್ಯಾಬಿನ ಕೆಳಗೆ ನಿಂತ ಬಿಸಿ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತದೆ.

ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಾಟ ಇಷ್ಟಿರಲಿಲ್ಲ. ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ಝಳ ಒಳಗೆ ಇಳಿಯುವಷ್ಟರಲ್ಲಿ ಹೊರಗೆ ರಾತ್ರಿಯಾಗಿ ತಂಪಾಗಿರುತ್ತಿತ್ತು, ಮೇಲಿನ ಬೆಳಕಿಂಡಿಯಿಂದ ಬಿಸಿ ಗಾಳಿ ತಾನಾಗಿ ಹೊರಟುಹೋಗುತ್ತಿತ್ತು. ಗೋಳಗುಮ್ಮಟದ ಒಳಗೆ ಬೇಸಿಗೆ ಮಧ್ಯಾಹ್ನ ಕಾಲಿಟ್ಟರೂ ಇದೇ ಗೊತ್ತಾಗುತ್ತದೆ, ಅದರ ಗೋಡೆ ಸುಮಾರು 3 ಮೀಟರ್ ದಪ್ಪ. ಹಾಗಂತ ನಿಮ್ಮ ಸ್ಲ್ಯಾಬ್ ಮೇಲೆ ಸುಮ್ನೆ ಮಣ್ಣು ಪೇರಿಸಬೇಡಿ. ಆ ಭಾರಕ್ಕೆ ಅದನ್ನು ಕಟ್ಟಿರೋದಿಲ್ಲ. ಇಂಜಿನಿಯರ್ ಹತ್ತಿರ ಕೇಳದೆ ಆ ಕೆಲಸಕ್ಕೆ ಕೈ ಹಾಕಲೇಬೇಡಿ.

ನಮ್ಮ ಕೈಯಲ್ಲಿರೋ ಅಗ್ಗದ ಉಪಾಯ ಸುಣ್ಣ. ಬೂದು ಬಣ್ಣದ ಹಳೇ ಸ್ಲ್ಯಾಬ್ ಬಿಸಿಲನ್ನೆಲ್ಲ ಹೀರಿಕೊಳ್ಳುತ್ತದೆ, ಬೆಳ್ಳಗಿದ್ದರೆ ಬಹುಪಾಲು ವಾಪಸ್ ಕಳಿಸುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿ ತಂದಿದೆ. ಸುಣ್ಣ ಹಚ್ಚೋಕೆ ಸರಿಯಾದ ಹೊತ್ತು ಫೆಬ್ರುವರಿ ಕೊನೆ, ತಡ ಅಂದ್ರೆ ಮಾರ್ಚ್.

ಮೊದಲು ಮಾಳಿಗೆ ಗುಡಿಸಿ, ಪಾಚಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಬಿರುಕು ಇದ್ದರೆ ತುಂಬಿಸಿ. ಕಲ್ಲುಸುಣ್ಣ ತಂದರೆ ಒಂದು ಕಿಲೋಗೆ ಸುಮಾರು 5 ಲೀಟರ್ ನೀರು ಲೆಕ್ಕ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಬಿಡಿ. ಸುಣ್ಣದ ಮೇಲೆ ನೀರು ಸುರಿಯೋದಲ್ಲ, ಅದು ಕುದ್ದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ. ಒಂದು ದಿನ ಹಾಗೇ ಬಿಟ್ಟು ಮಾರನೇ ದಿನ ಗೋಣಿ ಅಥವಾ ಒರಟು ಬಟ್ಟೆಯಲ್ಲಿ ಸೋಸಿ. 10 ಲೀಟರ್ ಸುಣ್ಣದ ನೀರಿಗೆ 40 ಗ್ರಾಂನಷ್ಟು ಗೋಂದನ್ನು ಬಿಸಿ ನೀರಲ್ಲಿ ಕರಗಿಸಿ ಬೆರೆಸಿ. ಈ ಅಂಟು ಬಿಟ್ಟರೆ ಕಾಲಿಟ್ಟಲ್ಲೆಲ್ಲ ಬಿಳಿ ಪುಡಿ ಏಳುತ್ತದೆ. ಸ್ಲ್ಯಾಬಿಗೆ ಸ್ವಲ್ಪ ನೀರು ಚಿಮುಕಿಸಿ ಸಂಜೆ ಹೊತ್ತು ಹಚ್ಚಿ. ಮೊದಲ ಸಲ ಉದ್ದಕ್ಕೆ, ಒಣಗಿದ ಮೇಲೆ ಅಡ್ಡಕ್ಕೆ, ಮೂರನೇದು ಇನ್ನೂ ಬೂದು ಕಾಣೋ ಜಾಗಕ್ಕೆ. ಹಚ್ಚಿದ ತಕ್ಷಣ ನೀರುನೀರಾಗಿ ಕಂಡರೆ ಗಾಬರಿ ಬೇಡ, ಒಣಗಿದ ಮೇಲೇ ಅದು ಬೆಳ್ಳಗಾಗೋದು. ನೀರು ಹೋಗೋ ಪೈಪಿನ ಬಾಯಿಯಲ್ಲಿ ಸುಣ್ಣ ಗಟ್ಟಿಯಾಗಿ ಕೂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಒಂದೆರಡು ಮಳೆಗಾಲಕ್ಕೆ ಇದು ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಖರ್ಚು ಮಾಡೋ ಶಕ್ತಿ ಇದ್ದರೆ ಬಿಳಿ ಟೈಲ್ಸ್ ಚೂರು ಕೂರಿಸಿ, ಜಾಸ್ತಿ ವರ್ಷ ಬಾಳಿಕೆ ಬರುತ್ತದೆ. ಯಾವುದೇ ಆಗಲಿ, ಏಪ್ರಿಲ್‌ನಲ್ಲಿ ಧೂಳು ಕೂತು ಕಂದಾದರೆ ಕೆಲಸ ಅರ್ಧ ಕೆಟ್ಟ ಹಾಗೆ. ವಾರಕ್ಕೊಮ್ಮೆ ಕಸಬರಿಗೆ ಆಡಿಸಿ. ಮೇಲಿರೋ ಕರಿ ನೀರಿನ ಟ್ಯಾಂಕಿಗೂ ಅದೇ ದಿನ ಬಿಳಿ ಬಣ್ಣ ಬಳಿದುಬಿಡಿ.

ತಗಡಿನ ಶೆಡ್ ಇದ್ದವರಿಗೂ ಬಿಳಿ ಬಣ್ಣವೇ ಮೊದಲ ಮದ್ದು. ತಗಡಿನ ಮೇಲೆ ಒಂದಡಿ ಅಂತರ ಬಿಟ್ಟು ಹಸಿರು ನೆಟ್ ಕಟ್ಟಿದರೆ ಇನ್ನೂ ಒಳ್ಳೇದು, ಆ ಅಂತರದಲ್ಲಿ ಗಾಳಿ ಆಡಬೇಕು. ಕಬ್ಬಿನ ರವದಿ, ಕಣಿಕೆ ಹಾಸೋರೂ ಇದ್ದಾರೆ. ತಂಪೇನೋ ನಿಜ, ಆದರೆ ಕೆಳಗೆ ಒಲೆ ಇದ್ದರೆ, ಹಳೇ ವೈರಿಂಗ್ ಇದ್ದರೆ ಬೇಡವೇ ಬೇಡ.

ಇನ್ನು ಕಿಟಕಿ. ಇದಕ್ಕೆ ದುಡ್ಡೇ ಬೇಡ, ಶಿಸ್ತು ಮಾತ್ರ ಬೇಕು. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾದ ಕೂಡಲೇ ಕಿಟಕಿ ಮುಚ್ಚಬೇಕು. ಬೇಸಿಗೆಯಲ್ಲಿ ಅದು ಬೆಳಿಗ್ಗೆ ಒಂಬತ್ತರ ಒಳಗೇ ಆಗಿಬಿಡುತ್ತದೆ. ಗಾಳಿ ಬರಲಿ ಅಂತ ಮಧ್ಯಾಹ್ನ ಪೂರ್ತಿ ತೆಗೆದಿಡೋದು ನಮ್ಮಲ್ಲಿ ರೂಢಿ. ಹೊರಗೆ 41 ಡಿಗ್ರಿ ಇರುವಾಗ ಒಳಗೆ ಬರೋದು ಗಾಳಿಯಲ್ಲ, ಝಳ. ಕತ್ತಲಾದ ಮೇಲೆ ಕೈ ಹೊರಗೆ ಚಾಚಿ ನೋಡಿ, ತಂಪೆನಿಸಿದರೆ ಎಲ್ಲಾ ತೆಗೆಯಿರಿ. ನಮ್ಮದು ಒಣ ಹವೆ, ರಾತ್ರಿ ಚೆನ್ನಾಗಿ ತಣಿಯುತ್ತದೆ. ಆ ತಂಪನ್ನು ಬೆಳಗಿನ ತನಕ ಮನೆಯೊಳಗೆ ತುಂಬಿಕೊಂಡರೆ ಗೋಡೆ, ಫರಸಿ ನೆಲ ಎಲ್ಲಾ ತಣಿದು ಮಧ್ಯಾಹ್ನದವರೆಗೆ ನಿಮ್ಮನ್ನು ಕಾಯುತ್ತವೆ.

ಗಾಳಿ ಒಳಗೆ ಬರಬೇಕಂದ್ರೆ ಹೊರಗೆ ಹೋಗೋಕೂ ದಾರಿ ಬೇಕು ಅಲ್ವಾ? ಬಿಸಿ ಗಾಳಿ ಮೇಲಕ್ಕೇ ಹೋಗೋದು. ಮಾಳಿಗೆಗೆ ಹೋಗೋ ಮೆಟ್ಟಿಲು ಮನೆಯೊಳಗೇ ಇದ್ದರೆ ನಿಮ್ಮ ಅದೃಷ್ಟ. ಮೇಲಿನ ಬಾಗಿಲಿಗೆ ಒಂದು ಗ್ರಿಲ್ ಬಾಗಿಲು ಹಾಕಿಸಿ, ರಾತ್ರಿ ಮರದ ಬಾಗಿಲು ತೆಗೆದು ಗ್ರಿಲ್‌ಗೆ ಬೀಗ ಹಾಕಿ, ಕೆಳಗಿನ ಕಿಟಕಿ ತೆರೆದಿಡಿ. ಮೆಟ್ಟಿಲ ದಾರಿಯಲ್ಲಿ ಬಿಸಿ ಗಾಳಿ ಏರಿ ಹೋಗೋದು ಮುಖಕ್ಕೇ ತಾಗುತ್ತದೆ, ಹಳೇ ಬೆಳಕಿಂಡಿ ಮಾಡುತ್ತಿದ್ದ ಕೆಲಸ ಇದೇ. ಬಾಗಿಲ ಮೇಲಿನ ವೆಂಟಿಲೇಟರ್‌ಗೆ ಗಾಜು ಜಡಿದು ಮುಚ್ಚಿದ್ದರೆ ಗಾಜು ತೆಗೆಸಿ ಜಾಳಿಗೆ ಹಾಕಿಸಿ. ಸೊಳ್ಳೆ ಪರದೆಯ ಧೂಳನ್ನು ಆಗಾಗ ಬ್ರಷ್‌ನಿಂದ ತೆಗೆಯಿರಿ, ಧೂಳು ಕೂತ ಪರದೆ ಗೋಡೆ ಇದ್ದ ಹಾಗೆಯೇ.

ಪಶ್ಚಿಮದ ಗೋಡೆ ಇನ್ನೊಂದು ಶತ್ರು. ಇಳಿಬಿಸಿಲು ಅಡ್ಡಡ್ಡ ಬರುತ್ತದೆ, ಛಜ್ಜಾ ಅದನ್ನು ತಡೆಯೋದಿಲ್ಲ. ಒಳಗೆ ಪರದೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಅದಕ್ಕೆ ಬಿದಿರಿನ ತಟ್ಟಿ, ನೆಟ್, ಬಳ್ಳಿ ಏನೇ ಆಗಲಿ, ಕಿಟಕಿಯ ಹೊರಗೆ ಇರಬೇಕು. ಜಾಗ ಇದ್ದರೆ ಆ ಕಡೆ ಒಂದು ಬೇವಿನ ಗಿಡ ನೆಡಿ.

ಅಡುಗೆಮನೆ ಮರೆಯಬೇಡಿ. ಜೋಳದ ರೊಟ್ಟಿ ಬಡಿಯೋ ಮನೆಯಲ್ಲಿ ಹಂಚಿನ ಕಾವೇ ಒಂದು ಒಲೆಯಷ್ಟು. ರೊಟ್ಟಿ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಯಲಿ, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಎದುರಿನ ಬಾಗಿಲೋ ಕಿಟಕಿಯೋ ತುಸು ತೆರೆದಿರಲಿ. ಎಲ್ಲಾ ಮುಚ್ಚಿ ಎಕ್ಸಾಸ್ಟ್ ತಿರುಗಿಸಿದರೆ ಬರೀ ಸದ್ದು. ಅಲ್ಲಿ ನಿಂತು ಬೆವರೋರು ನಮ್ಮ ಅವ್ವ, ಹೆಂಡತಿ, ಅಕ್ಕತಂಗಿಯರು. ಮನೆಯಲ್ಲಿ ಒಂದೇ ಎಕ್ಸಾಸ್ಟ್ ಹಾಕಿಸೋ ದುಡ್ಡಿದ್ದರೆ ಅಡುಗೆಮನೆಗೇ ಹಾಕಿಸಿ.

ಇಷ್ಟಾದ ಮೇಲೆ ಕೂಲರ್. ಒಣ ಹವೆಗೆ ಇದು ಹೇಳಿ ಮಾಡಿಸಿದ್ದು. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ, ಅಷ್ಟೇ ಅದರ ಗುಟ್ಟು. ಆದರೆ ಅದನ್ನು ಕೋಣೆಯ ಮಧ್ಯದಲ್ಲಿಟ್ಟು ಬಾಗಿಲು ಹಾಕಿಕೊಂಡರೆ ಅದೇ ಹಸಿ ಗಾಳಿ ಸುತ್ತಿ ಸುತ್ತಿ ಮೈ ಅಂಟಂಟಾಗುತ್ತದೆ. ಕೂಲರ್ ಕಿಟಕಿಯಲ್ಲಿರಬೇಕು, ಬೆನ್ನು ಹೊರಗೆ, ನೆರಳಿನ ಕಡೆ. ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಬೋರ್ ನೀರಿನಿಂದ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದೂ ಅಲ್ಲೇ. ನೀರು ತುಂಬುವಾಗ ಪ್ಲಗ್ ತೆಗೆದಿರಲಿ, ಅರ್ಥಿಂಗ್ ಇಲ್ಲದ ಸಾಕೆಟ್‌ಗೆ ಕೂಲರ್ ಹಾಕಲೇಬೇಡಿ. ಮಳೆ ಹಿಡಿದು ಹವೆ ಹಸಿಯಾದ ಮೇಲೆ ಕೂಲರ್ ನಡೆಯೋದಿಲ್ಲ, ಆಗ ಪಂಪ್ ಬಂದ್ ಮಾಡಿ ಬರೀ ಗಾಳಿ ಬಿಡಿ. ಬೆಳಗಾವಿ ಊರಿನಲ್ಲಿ ಇರೋರಿಗಂತೂ ಕೂಲರ್‌ಗಿಂತ ಮಳೆಗಾಲದ ಬೂಷ್ಟೇ ದೊಡ್ಡ ತಲೆನೋವು. ಮಳೆ ಬಿಟ್ಟಾಗಲೆಲ್ಲ ಎದುರುಬದುರು ಕಿಟಕಿ ತೆಗೆಯಿರಿ, ಕಪಾಟನ್ನು ಗೋಡೆಯಿಂದ ಮೂರು ನಾಲ್ಕು ಬೆರಳು ದೂರ ಇಡಿ, ಒದ್ದೆ ಬಟ್ಟೆ ಮಲಗೋ ಕೋಣೆಯಲ್ಲಿ ಒಣಹಾಕಬೇಡಿ.

ಚಳಿಗಾಲದ್ದು ಸುಲಭ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಗಲು ದಕ್ಷಿಣದ ಪರದೆ ಸರಿಸಿ ಬಿಸಿಲು ಒಳಗೆ ಬಿಡಿ, ಹೊತ್ತು ಮುಳುಗುವ ಮೊದಲು ಮುಚ್ಚಿ. ಹೀಟರ್ ಬೇಕಾಗೋದೇ ಅಪರೂಪ. ಆದರೆ ಮುದುಕರಿಗೆ, ಬಾಣಂತಿಗೆ ಬೆಚ್ಚಗಿರಲಿ ಅಂತ ಕೆಂಡದ ಸಿಗಡಿ ಒಳಗಿಟ್ಟು ಬಾಗಿಲು ಹಾಕಿ ಮಲಗಬೇಡಿ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯ. ಅದನ್ನು ಹೊರಗಿನ ಗೋಡೆಗೆ ಹಾಕಿಸಿ, ಪೈಪಿನಲ್ಲಿ ಬಿಸಿ ನೀರು ಮಾತ್ರ ಒಳಗೆ ಬರಲಿ. ಈಗಾಗಲೇ ಒಳಗಿದ್ದರೆ ಈ ವಾರವೇ ಪ್ಲಂಬರ್‌ನನ್ನು ಕರೆಸಿ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಕೆಟ್‌ಗೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆಗೆದು ಆಮೇಲೆ ಸ್ನಾನಕ್ಕೆ ಇಳಿಯಿರಿ.